ಬೇಡ ಅಂದವರಿಗೆ ಒಬ್ಬಟ್ಟಿಲ್ಲ

ಆವತ್ತು ಬೆಳಿಗ್ಗೆಯೂ ಹಾಲು ಉಕ್ಕಿತು. ನಮ್ಮ ಮನೆಯಲ್ಲಿ ಅದು ಶುಭವೂ ಅಲ್ಲ, ಅಶುಭವೂ ಅಲ್ಲ, ದಿನಚರಿ. ಹಾಲಿಟ್ಟು ದಾಸವಾಳ ಕೀಳಲು ಹೋಗುತ್ತೇನೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯವರು ಅದೇ ಗಿಡಕ್ಕೆ ಕೈ ಹಾಕುತ್ತಾ ಮಾತಿಗೆ ಹಿಡಿಯುತ್ತಾರೆ. ಒಳಗಿನಿಂದ ನಮ್ಮ ಯಜಮಾನರು "ಏನೇ, ಹಾಲು!" ಅನ್ನುತ್ತಾರೆ. ಸ್ಟೌ ಆರಿಸುವುದು ಅವರ ಕೆಲಸವಲ್ಲ, ವರದಿ ಮಾಡುವುದಷ್ಟೇ.

"ಬನ್ನಿ, ಕಾಫಿ ಕುಡ್ಕೊಂಡು ಹೋಗಿ," ಅಂದೆ ಪಕ್ಕದ ಮನೆಯವರಿಗೆ.

"ಅಯ್ಯೋ ಬೇಡ ಬೇಡ, ಈಗ ತಾನೇ ಆಯ್ತು."

"ಅರ್ಧ ಲೋಟ ಅಷ್ಟೇ."

"ಬೇಡ ಕಣ್ರೀ, ಆಸಿಡಿಟಿ."

"ಹೊಸ ಡಿಕಾಕ್ಷನ್ನು."

"ಹೂಂ, ನೀವು ಬಿಡಲ್ಲ. ಒಂದ್ ಗುಟುಕು ಕೊಡಿ."

ಅಡುಗೆಮನೆಯ ಕಟ್ಟೆಗೆ ಒರಗಿ ಲೋಟದ ತುಂಬ ಕುಡಿದು, ಸಕ್ಕರೆ ಒಂಚೂರು ಕಮ್ಮಿಯಾಯ್ತು ಅಂತ ಹೇಳಿ, ಒಗ್ಗರಣೆಗೆ ಕರಿಬೇವು ಇಸ್ಕೊಂಡು ಹೋದರು. ಇದೂ ದಿನಚರಿಯೇ. ತುಮಕೂರಿಗೆ ಸೊಸೆಯಾಗಿ ಬಂದಾಗಿನಿಂದ ನಡೆಯುತ್ತಿದೆ.

"ಇವತ್ತು ನಿಮ್ಮ ಮೀಟಿಂಗಾ?" ಅಂದರು ಯಜಮಾನರು, ಪೇಪರ್ ಕೆಳಗಿಳಿಸದೆ.

"ಮೀಟಿಂಗಲ್ಲ ರೀ, ಗುಬ್ಬೀಲಿ ಊಟ."

"ಎರಡಕ್ಕೂ ಏನ್ ವ್ಯತ್ಯಾಸ?"

ಆ ದಿನ ವ್ಯತ್ಯಾಸ ಇತ್ತು. ಅದನ್ನೇ ಹೇಳಲು ಹೊರಟೆ.

ಗುಬ್ಬಿಯಲ್ಲಿ ನಮ್ಮದೊಂದು ಪುಟ್ಟ ಸಂಸ್ಥೆ ಇದೆ. ಬುದ್ಧಿಯ ಬೆಳವಣಿಗೆ ನಿಧಾನವಾದ, ಆದರೆ ವಯಸ್ಸಿನಲ್ಲಿ ಪೂರ್ತಿ ಬೆಳೆದ ಹೆಂಗಸರು, ಗಂಡಸರು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಕೇಂದ್ರ. ಅಡಿಕೆ ಹಾಳೆಯ ತಟ್ಟೆ ಒತ್ತುತ್ತಾರೆ, ಹುಣಸೆಹಣ್ಣು ಬಿಡಿಸುತ್ತಾರೆ, ಮಧ್ಯಾಹ್ನ ಒಬ್ಬರಿಗೊಬ್ಬರು ಬಡಿಸಿಕೊಂಡು ಉಣ್ಣುತ್ತಾರೆ. ನಾನು ಅದರ ಆಡಳಿತ ಮಂಡಳಿಯ ಸದಸ್ಯೆ. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷಿನಲ್ಲಿ ಕಾಗದ ಬರೆದುಕೊಡುತ್ತಾಳೆ ಅಂತ ಸೇರಿಸಿಕೊಂಡರು. ಸೇರಿದ ಮೇಲೆ ಮೀಟಿಂಗಿಗೆ ಬಿಸ್ಕತ್ತು ತರುವ ಕೆಲಸವೂ ಸೇರಿಕೊಂಡಿತು.

ಕೇಂದ್ರವಿದ್ದ ಕಟ್ಟಡದ ಮಾಲೀಕರು ಅಲ್ಲಿ ಫರ್ನಿಚರ್ ಅಂಗಡಿ ಇಡಲು ಹೊರಟಿದ್ದರು. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಗುಬ್ಬಿಯಲ್ಲಿ ಕೇಳಿದ ಮನೆಯವರೆಲ್ಲ ಮೊದಲು "ಓ, ಬನ್ನಿ ಬನ್ನಿ" ಅಂದರು, ಯಾರಿಗೆ ಅಂತ ತಿಳಿದ ಮೇಲೆ "ನಮ್ಮ ತಮ್ಮನೇ ಬರ್ತಾವ್ನಂತೆ" ಅಂದರು. ಎಲ್ಲರ ತಮ್ಮಂದಿರೂ ಒಟ್ಟಿಗೆ ಬಂದಿದ್ದರೆ ಊರಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ತುಮಕೂರಿನಾಚೆ ಕ್ಯಾತ್ಸಂದ್ರದಲ್ಲಿ ಒಂದು ಹಾಲ್ ಸಿಗುತ್ತಿತ್ತು. ಆದರೆ ಅಲ್ಲಿಗೆ ಹೋದರೆ ಮಂಜುಳನಂಥವರು ತಪ್ಪಿಹೋಗುತ್ತಿದ್ದರು.

ಮಂಜುಳ ಅವಳ ನಿಜವಾದ ಹೆಸರಲ್ಲ. ಮೂವತ್ತು ದಾಟಿದವಳು. ಚೇಳೂರಿನಿಂದ ಒಂದೇ ಬಸ್ಸು, ಕಂಡಕ್ಟರಿಗೆ ಗುರುತು, ಗುಬ್ಬಿಯಲ್ಲಿ ಇಳಿದರೆ ನಾಲ್ಕು ಹೆಜ್ಜೆ. ಹಾಗಾಗಿ ಒಬ್ಬಳೇ ಬರುತ್ತಾಳೆ, ಟಿಕೆಟ್ಟನ್ನು ಬಳೆಯ ಒಳಗೆ ಸಿಕ್ಕಿಸಿಕೊಂಡು. ಎರಡನೇ ಬಸ್ಸು ಹತ್ತಬೇಕು ಅಂದರೆ ಅವಳ ಅಣ್ಣ ಕಳಿಸುವುದಿಲ್ಲ. "ಮನೇಲೇ ಇರ್ಲಿ ಬುಡಿ ಮೇಡಂ, ಮೊದ್ಲೂ ಇದ್ಲಲ್ಲ," ಅಂದಿದ್ದ. ಮೊದಲು ಅಂದರೆ ಜಗಲಿಯ ಮೂಲೆ. ಯಾರು ಏನು ತಟ್ಟೆಗೆ ಹಾಕಿದರೂ ತಿಂದು, ಯಾರು ಎಲ್ಲಿ ಕೂರಿಸಿದರೂ ಕೂತು ಕಳೆದ ವರ್ಷಗಳು.

ಕೊನೆಗೆ ಒಂದು ಮನೆ ಕಣ್ಣಿಗೆ ಬಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ, ಹಳೇ ಹೆಂಚಿನ ಮನೆ, ದೊಡ್ಡ ಪಡಸಾಲೆ. ಮನೆಯವರು ಕುಣಿಗಲ್‌ನಲ್ಲಿದ್ದಾರೆ. ತಾಯಿ, ಸರ್ಕಾರಿ ಕೆಲಸದ ಮಗ, ಸೊಸೆ. "ಕೊಡೋಕೆ ಅಡ್ಡಿಯಿಲ್ಲ. ಆದ್ರೆ ಅವರನ್ನ ಒಂದ್ಸಲ ನೋಡ್ಬೇಕು," ಅಂದರು ಮಗ. ಗುಬ್ಬಿಯ ಆ ಮನೆಯಲ್ಲೇ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದರು. "ಎಲ್ಲರನ್ನೂ ಊಟಕ್ಕೆ ಕರ್ಕೊಂಡು ಬನ್ನಿ."

ನಮ್ಮ ಅಧ್ಯಕ್ಷರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ತುರ್ತು ಸಭೆ ಕರೆದು ಯೋಜನೆ ಹೇಳಿದರು. ನಮ್ಮವರು ಮೊದಲ ಪಂಕ್ತಿಯಲ್ಲಿ ಸಾಲಾಗಿ ಕೂರಬೇಕು, ಉಣ್ಣಬೇಕು, ಕೈ ಮುಗಿಯಬೇಕು, ಹೊರಡಬೇಕು. ಮಾತು ಬೇಡ, ಓಡಾಟ ಬೇಡ.

"ಸಾರ್, ಅವರೇನು ಪ್ರದರ್ಶನಕ್ಕಿಟ್ಟ ಬೊಂಬೆಗಳಾ?" ಅಂದರು ಕೇಂದ್ರದ ಟೀಚರ್.

"ಒಂದ್ ಹೊತ್ತು ಟೀಚರ್. ಒಂದೇ ಒಂದ್ ಹೊತ್ತು ಬೊಂಬೆ ಆಗ್ಲಿ."

ನಾನು ಬಿಸ್ಕತ್ತಿನ ತಟ್ಟೆಯನ್ನು ಟೀಚರ್ ಕಡೆ ಸರಿಸಿದೆ. ಅದಕ್ಕಿಂತ ದೊಡ್ಡ ಕ್ರಾಂತಿ ಆಗ ನನ್ನ ಕೈಲಿ ಆಗಲಿಲ್ಲ.

ಸರಿ, ಆವತ್ತು ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು. ನಮ್ಮವರು ಇಸ್ತ್ರಿ ಬಟ್ಟೆ ಹಾಕಿಕೊಂಡು ಗೋಡೆಗೆ ಅಂಟಿ ನಿಂತಿದ್ದರು. ಮಂಜುಳ ಹೊಸ ಕ್ಲಿಪ್ಪು ಹಾಕಿದ್ದಳು. ಅಧ್ಯಕ್ಷರು ಪೆನ್ನಿನ ಕ್ಯಾಪು ಕಚ್ಚುತ್ತಾ ಅವರನ್ನು ಒಂದು ಕಡೆಯಿಂದ ಎಣಿಸಿ, ಮತ್ತೆ ಇನ್ನೊಂದು ಕಡೆಯಿಂದ ಎಣಿಸುತ್ತಿದ್ದರು. ನೆಂಟರೆಲ್ಲ ಚಾಪೆ ಹಿಡಿದು ಕೂತಿದ್ದರು. ನಡುವೆ, ಯಾರೂ ಹೇಳದೆಯೇ ಖಾಲಿ ಬಿಟ್ಟಿದ್ದ ಜಾಗದಲ್ಲಿ, ಮಗನ ಮಾವ ಕೂತಿದ್ದರು. ಮಾರ್ಕೋನಹಳ್ಳಿ ಕಡೆಯ ಗದ್ದೆಯವರು. ಬಿಳಿ ಪಂಚೆ, ಜರಿ ಶಲ್ಯ, ಸೊಂಪಾದ ಮೀಸೆ. ಆ ಮನೆಯಲ್ಲಿ ಬೀಗರು ತಲೆಯಾಡಿಸದೆ ಯಾವುದೂ ಆಗುವುದಿಲ್ಲ ಅಂತ ಅಧ್ಯಕ್ಷರು ನನ್ನ ಕಿವಿಯಲ್ಲಿ ಹೇಳಿದರು.

ಎಲೆ ಹಾಕಿ ಆಯಿತು, ನಮ್ಮವರನ್ನೂ ಸಾಲಿನ ಕೊನೆಗೆ ಕೂರಿಸಿ ಆಯಿತು, ನೀರು ಚಿಮುಕಿಸಿ ಆಯಿತು. ಬಡಿಸುವವರು ಮಾತ್ರ ಇಲ್ಲ. ಲಗ್ನದ ಸೀಸನ್ನು, ಗೊತ್ತು ಮಾಡಿದ್ದ ಹುಡುಗರು ತುಮಕೂರಿನ ಯಾವುದೋ ಛತ್ರಕ್ಕೆ ಹಾರಿಹೋಗಿದ್ದರು. ಅಡುಗೆಯವರು ಬಾಗಿಲಲ್ಲಿ ನಿಂತು, "ನಾನ್ ಬೇಯ್ಸೋಕೆ ಬಂದವ್ನು, ಬಗ್ಗೋಕಲ್ಲ. ಸೊಂಟ ಹಿಡ್ದದೆ," ಅಂತ ಸಾರಿದರು.

ಮನೆಯ ಮಗ ಬೆವರು ಒರೆಸಿಕೊಂಡರು. ಆಗ ನಮ್ಮ ಅಧ್ಯಕ್ಷರಿಗೆ ಹುರುಪು ಬಂತು. "ನಾವಿದೀವಲ್ಲ ಸಾರ್!" ಅಂತ ಉಪ್ಪಿನ ಬಟ್ಟಲು ಎತ್ತಿಕೊಂಡರು. ನಮ್ಮ ಕಾರ್ಯದರ್ಶಿಗಳು, ಕೊಬ್ಬರಿ ವ್ಯಾಪಾರಿ, ಕೋಸಂಬರಿ ಹಿಡಿದರು. ಅಧ್ಯಕ್ಷರು ಸಾಲ ಮಂಜೂರು ಮಾಡುವ ಹಾಗೆ ಪ್ರತಿಯೊಬ್ಬರ ಮುಖ ನೋಡಿ ಎರಡೆರಡು ಹರಳು ಉಪ್ಪು ಹಾಕಿದರು. ಕಾರ್ಯದರ್ಶಿಗಳಿಗೆ ಹೊಟ್ಟೆ ಅಡ್ಡ. ಬಗ್ಗಲಾರದೆ ಮೇಲಿಂದಲೇ ಕೋಸಂಬರಿ ಬಿಟ್ಟರು. ಹೆಸರುಬೇಳೆ ಎಲೆಯಿಂದ ಪುಟಿದು ಒಬ್ಬ ಹೆಂಗಸಿನ ಮಡಿಲು ಸೇರಿತು. ಬಿತ್ತನೆ ಕಾಲದ ಹಾಗಿತ್ತು ಪಡಸಾಲೆ.

ನನ್ನ ಸೆರಗು ಯಾರೋ ಎಳೆದರು. ಮಂಜುಳ.

"ಮೇಡಂ, ಸಾರ್ ಕೇಳ್ತಾನೇ ಇಲ್ಲ. ಸುರೀತಾರೆ."

ಅಂದವಳೇ ಎದ್ದು ಹೋಗಿ ಕೈ ತೊಳೆದು ಬಂದು ನಿಂತಳು. ಅವಳ ಹಿಂದೆ ಉಪ್ಪಿನ ಅಣ್ಣ. ನಮ್ಮಲ್ಲಿ ದಿನಾ ಉಪ್ಪು ಬಡಿಸುವ, ಕಿವಿಯ ಮೇಲೆ ನರೆ ಬಂದ ಮನುಷ್ಯ. ಅವರ ಹಿಂದೆ ಉಳಿದವರು. ಎಲ್ಲರ ಕೈಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ನಾನು ಟೀಚರ್ ಮುಖ ನೋಡಿದೆ. ಅವರು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

"ಇವರೇ ಬಡಿಸ್ಲಿ," ಅಂದೆ. ಆಡಳಿತ ಮಂಡಳಿಯಲ್ಲಿ ನನ್ನ ಬಾಯಿಂದ ಬಂದ ಮೊದಲ ನಿರ್ಣಯ ಅದು. ಅನುಮೋದಿಸಲು ಯಾರೂ ಮುಂದೆ ಬರಲಿಲ್ಲ, ಆದರೆ ಕಾರ್ಯದರ್ಶಿಗಳು ಕೋಸಂಬರಿಯ ಪಾತ್ರೆಯನ್ನು ತಕ್ಷಣ ಕೊಟ್ಟುಬಿಟ್ಟರು.

ನಮ್ಮ ಕೇಂದ್ರದ ಬಡಿಸುವ ಕ್ರಮ ಹೇಳಬೇಕು. ಒಬ್ಬರಿಗೆ ಒಂದೇ ಪಾತ್ರೆ. ಎಡಗಡೆಯಿಂದ ಶುರು. ಎಲೆಯ ಮುಂದೆ ನಿಲ್ಲಬೇಕು, ಪಾತ್ರೆ ತೋರಿಸಬೇಕು, "ಬೇಕಾ?" ಅನ್ನಬೇಕು, ಕಾಯಬೇಕು. ಬೇಕು ಅಂದರೆ ಒಂದು ಸೌಟು. ಬೇಡ ಅಂದರೆ ಮುಂದಿನ ಎಲೆ. ಈ ಕಾಯುವುದನ್ನು ಕಲಿಸಲು ತಿಂಗಳುಗಟ್ಟಲೆ ಹಿಡಿಯಿತು. ಬಡಿಸುವವರಿಗಿಂತ ಉಣ್ಣುವವರಿಗೆ ಅದು ಕಷ್ಟ. ನಮ್ಮವರಲ್ಲಿ ಬಹಳ ಜನಕ್ಕೆ ಹುಟ್ಟಿದಾಗಿನಿಂದ ಯಾರೂ ಏನೂ ಕೇಳಿರಲಿಲ್ಲ. ಮಂಜುಳ ಮೊದಲ ಸಲ ಬೀಟ್‌ರೂಟ್ ಪಲ್ಯಕ್ಕೆ "ಬೇಡ" ಅಂದ ದಿನ ಟೀಚರ್ ನನಗೆ ಫೋನ್ ಮಾಡಿ ಅತ್ತಿದ್ದರು. ಅದಾದ ಮೇಲೆ ಅವಳು ರುಚಿ ಹತ್ತಿಸಿಕೊಂಡು ಕೆಲವು ದಿನ ಎಲ್ಲದಕ್ಕೂ ಬೇಡ ಅಂದಳು. ಫೋಟೋಗೆ ಬೇಡ, ಪ್ರಾರ್ಥನೆಗೆ ಬೇಡ, ಅಧ್ಯಕ್ಷರ ಭಾಷಣ ಶುರುವಾಗುವ ಮೊದಲೇ ಬೇಡ.

ಪಲ್ಯ, ಗೊಜ್ಜು, ಅನ್ನ, ಸಾರು ಸಲೀಸಾಗಿ ನಡೆಯಿತು. ನೆಂಟರು ಮೊದಮೊದಲು ಎಲೆಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಮರೆತರು. ಮನೆಯ ಮಗ ಕೈಕಟ್ಟಿ ನೋಡುತ್ತಿದ್ದರು. ನನಗೂ ಧೈರ್ಯ ಬಂತು.

ಆಮೇಲೆ ಒಬ್ಬಟ್ಟು ಬಂತು. ಬುಟ್ಟಿ ಮಂಜುಳನ ಕೈಯಲ್ಲಿತ್ತು.

ಬೀಗರ ಎಲೆಯ ಮುಂದೆ ನಿಂತು "ಬೇಕಾ?" ಅಂದಳು.

ಬೀಗರು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ದೊಡ್ಡ ಮನುಷ್ಯರು ಅನ್ನುವ ಧಾಟಿಯಲ್ಲಿ, "ಬೇಡ ಬೇಡ ಬೇಡ," ಅಂದರು.

ಮಂಜುಳ ಮುಂದಿನ ಎಲೆಗೆ ಹೋದಳು.

ಬೀಗರ ಕೈ ಅಡ್ಡವೇ ಇತ್ತು. ಒತ್ತಾಯ ಬರುವುದನ್ನು ಕಾಯುತ್ತಿತ್ತು. ಬೆರಳುಗಳ ನಡುವೆ ಒಬ್ಬಟ್ಟು ಜಾರಿಸುವಷ್ಟು ಸಂದು ಕೂಡ ಬಿಟ್ಟುಕೊಂಡಿದ್ದರು. ತಿರುಗಿ ನೋಡುತ್ತಾರೆ, ಬುಟ್ಟಿ ಮೂರು ಎಲೆ ದಾಟಿದೆ. ತುಪ್ಪದವನು ಬಂದು ಖಾಲಿ ಎಲೆ ನೋಡಿ, ಒಬ್ಬಟ್ಟಿಲ್ಲದ ಮೇಲೆ ತುಪ್ಪ ಎಲ್ಲಿಗೆ ಅಂತ ಅವನೂ ಮುಂದೆ ಹೋದ. ಆ ಸಾಲಿನಲ್ಲಿ ಮರ್ಯಾದಸ್ಥರೇ ಹೆಚ್ಚು. ಅರ್ಧ ಪಂಕ್ತಿ "ಬೇಡ" ಅಂದಿತ್ತು. ಎಲ್ಲರೂ ತಮ್ಮನ್ನು ಬಿಟ್ಟು ಹೋಗುತ್ತಿರುವ ಬುಟ್ಟಿಯನ್ನು, ಬಸ್ಸು ತಪ್ಪಿದವರು ನೋಡುವ ಹಾಗೆ ನೋಡುತ್ತಿದ್ದರು.

ಬೀಗರ ಮೀಸೆ ಅದುರಿತು. ಅಧ್ಯಕ್ಷರು ಓಡಿಬಂದರು.

"ಮೇಡಂ, ಮನೆ ಹೋಯ್ತು." ಆಮೇಲೆ ಮಂಜುಳನ ಕಡೆ ತಿರುಗಿ, "ಅವರಿಗೆ ಹಾಕಮ್ಮ."

"ಬೇಡ ಅಂದ್ರು ಸಾರ್."

"ಅದು ಬೇಡ ಅಲ್ಲಮ್ಮ, ಮರ್ಯಾದೆ."

"ಬೇಡ ಅಂತಾನೇ ಅಂದ್ರು. ಕೈನೂ ಅಡ್ಡ ಇಟ್ರು." ಬುಟ್ಟಿಯನ್ನು ಎದೆಗೆ ಅವುಚಿಕೊಂಡಳು. "ನಾನು ಬೇಡ ಅಂದ್ರೆ ಯಾರೂ ಹಾಕಲ್ಲ ಅಂದಿದ್ರಲ್ಲ ಮೇಡಂ?"

ಪ್ರಶ್ನೆ ನನಗೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಕ್ರಿಸ್‌ಮಸ್ಸಿಗೆ ಸಿಸ್ಟರ್ ಒಬ್ಬರು ಪ್ಲಮ್ ಕೇಕಿನ ತಟ್ಟೆ ಹಿಡಿದು ಬಂದರು. ಮನೆಯಲ್ಲಿ ಕಲಿತ ಹಾಗೆ ತಲೆ ತಗ್ಗಿಸಿ "ನೋ ಥ್ಯಾಂಕ್ಯೂ ಸಿಸ್ಟರ್" ಅಂದೆ, ಇನ್ನೊಂದು ಸಲ ಕೇಳುತ್ತಾರೆ ಅಂತ. ತಟ್ಟೆ ಪಕ್ಕದವಳಿಗೆ ಹೋಯಿತು. ಆ ಕೇಕಿನ ಮೇಲಿದ್ದ ಗೋಡಂಬಿ ನನಗೆ ಇವತ್ತೂ ಕಾಣುತ್ತೆ. ಬೀಗರ ಸಂಕಟ ಆ ಪಡಸಾಲೆಯಲ್ಲಿ ನನ್ನಷ್ಟು ಯಾರಿಗೂ ಅರ್ಥವಾಗಿರಲಿಕ್ಕಿಲ್ಲ.

ಆದರೂ ಮಂಜುಳನಿಗೆ ಏನು ಹೇಳಲಿ? ದೊಡ್ಡವರ "ಬೇಡ" ಬೇಡವಲ್ಲ, ನಿನ್ನ "ಬೇಡ" ಮಾತ್ರ ಬೇಡ ಅಂತಲೇ? ಹಾಗೆ ಹೇಳಿ ಮನೆ ಸಿಕ್ಕರೆ, ಆ ಮನೆಯಲ್ಲಿ ನಾಳೆಯಿಂದ ಅವಳಿಗೆ ಏನು ಕಲಿಸುವುದು? ಹೇಳದೆ ಮನೆ ತಪ್ಪಿದರೆ ಅವಳಿಗೆ ಚೇಳೂರಿನ ಜಗಲಿ. ಎರಡೂ ಕಡೆ ಅವಳೇ ನಿಂತಿದ್ದಳು, ಒಬ್ಬಟ್ಟಿನ ಬುಟ್ಟಿ ಹಿಡಿದುಕೊಂಡು.

"ಹೂಂ, ಹಾಕಲ್ಲ," ಅಂದೆ. "ನೀನು ಮಾಡಿದ್ದು ಸರಿ. ಇಲ್ಲೇ ಇರು."

ಅಧ್ಯಕ್ಷರು ಕಣ್ಣು ಮುಚ್ಚಿಕೊಂಡರು. ನಾನು ಹೋಗಿ ಬೀಗರ ಎಲೆಯ ಮುಂದೆ ಕೂತೆ.

"ಯಜಮಾನ್ರೇ, ತಪ್ಪು ತಿಳೀಬೇಡಿ. ಇವರದ್ದೊಂದು ಪದ್ಧತಿ ಇದೆ. ಬೇಕು ಅಂದ್ರೆ ಬಡಿಸ್ತಾರೆ. ಬೇಡ ಅಂದ್ರೆ ಬೇಡ. ಬಲವಂತ ಮಾಡಲ್ಲ."

"ಅಂದ್ರೆ?" ಅಂದರು. "ನಾನ್ ಬಾಯ್ಬಿಟ್ಟು ಕೇಳ್ಬೇಕಾ? ಬೀಗರ ಮನೇಲಿ?"

"ಹೌದು."

ಸಾರಿನ ಬಕೆಟ್ಟು ಹಿಡಿದವನೂ ನಿಂತ. ಆಗ ಹೆಂಗಸರ ಸಾಲಿನಿಂದ ಬೀಗರ ಹೆಂಡತಿಯ ಗಂಟಲು ಕೇಳಿಸಿತು.

"ಕೇಳ್ರೀ! ಮನೇಲಾದ್ರೆ ಇನ್ನೊಂದ್ ಹಾಕೇ ಅಂತ ಬೀದಿಗೆ ಕೇಳೋ ಹಂಗೆ ಕಿರುಚ್ತೀರಲ್ಲ!"

ಯಾರೋ ಕಿಸಕ್ಕನೆ ನಕ್ಕರು. ಬೀಗರು ಶಲ್ಯ ಸರಿ ಮಾಡಿಕೊಂಡು, ಎಲೆಗೆ ಮಾತ್ರ ಕೇಳಿಸುವಂತೆ "ಬೇಕು" ಅಂದರು.

"ಕೇಳಿಸ್ಲಿಲ್ಲ," ಅಂದಳು ಮಂಜುಳ ದೂರದಿಂದ. ಅವಳದೇನೂ ಕುಚೇಷ್ಟೆಯಲ್ಲ. ನಿಜಕ್ಕೂ ಕೇಳಿಸಿರಲಿಲ್ಲ.

"ಬೇಕು ಕಣವ್ವಾ!"

ಬಂದಳು. "ಎಷ್ಟು?"

ಬೀಗರು ಒಂದು ಕ್ಷಣ ಯೋಚಿಸಿದರು. ಅವರ ಜನ್ಮದಲ್ಲಿ ಆ ಪ್ರಶ್ನೆಗೆ ನಿಜ ಹೇಳಿದ್ದು ಅದೇ ಮೊದಲಿರಬೇಕು. "ಮೂರು."

ಮೂರು ಹಾಕಿದಳು. ನಾಲ್ಕನೆಯದಕ್ಕೆ ಕೈ ಹೋಗಲಿಲ್ಲ. ತುಪ್ಪದವನು ಓಡಿಬಂದ.

ಆಮೇಲೆ ನೋಡಬೇಕಿತ್ತು. "ನಂಗೂ ಬೇಕು!" "ಇಲ್ಲಿ ಎರಡು!" "ನಂಗೆ ನಿಜವಾಗ್ಲೂ ಬೇಡ, ಆದ್ರೆ ಗೊಜ್ಜು ಬೇಕು!" ಮಂಜುಳ ಒಬ್ಬೊಬ್ಬರ ಮುಂದೆಯೂ ನಿಂತು, ಕೇಳಿ, ಕಾದು, ಹಾಕಿ ಮುಂದೆ ಹೋದಳು. ಮನೆಯ ಹಿರಿಯರು, ಆ ಮಗನ ತಾಯಿ, ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ದಾರ ಕಟ್ಟಿದ ಕನ್ನಡಕ. "ನಂಗೂ ಎರಡು ಕಣವ್ವ," ಅಂದರು.

"ಅತ್ತೆ, ಶುಗರ್ರು!" ಅಂದರು ಸೊಸೆ.

"ಅವ್ಳು ನನ್ನ ಕೇಳವ್ಳೆ. ನಿನ್ನ ಕೇಳಿಲ್ಲ."

ಮಂಜುಳ ಎರಡು ಹಾಕಿದಳು. ಅಜ್ಜಿ ಒಂದನ್ನು ತಿಂದು, ಇನ್ನೊಂದನ್ನು ನೋಡಿ, "ಇದ್ನ ನೀನ್ ತಕ್ಕೋ, ಸಾಕು," ಅಂತ ಸೊಸೆಗೇ ಕೊಟ್ಟರು.

ಎಲೆ ಎತ್ತುವಾಗ ಅಡುಗೆಯವರು ಬಗ್ಗಿ ನೋಡಿದರು. ಸೊಂಟ ಹಿಡಿದದ್ದು ಆಗ ನೆನಪಿರಲಿಲ್ಲ. "ಇದೇನ್ ಸೋಮಿ, ಎಲೆ ಎಲ್ಲಾ ನೆಕ್ಕಿದಂಗವೆ. ಒಂದಗಳು ಬಿಟ್ಟಿಲ್ಲ!"

ಎರಡನೇ ಪಂಕ್ತಿಯಲ್ಲಿ ನಮ್ಮವರ ಊಟವೂ ಆಗಿ ಜಗಲಿಯ ಮೇಲೆ ತಾಂಬೂಲಕ್ಕೆ ಕೂತೆವು. ಮನೆಯ ಮಗ ಎಲೆಗೆ ಸುಣ್ಣ ಹಚ್ಚುತ್ತಾ, ತಾಯಿಯ ಕಡೆ ಒಂದು ಸಲ, ಬೀಗರ ಕಡೆ ಒಂದು ಸಲ ನೋಡಿ, "ಸರಿ ಸಾರ್. ಈ ಮನೆ ನೀವೇ ತಗೊಳ್ಳಿ," ಅಂದರು.

ನಮ್ಮ ಅಧ್ಯಕ್ಷರು ಏನಂದರು ಗೊತ್ತೇ? ಅಭ್ಯಾಸ ಬಲ. ಎರಡೂ ಕೈ ಅಡ್ಡ ಎತ್ತಿ, "ಅಯ್ಯೋ ಬೇಡ ಬೇಡ ಸಾರ್, ನಿಮಗ್ಯಾಕೆ ತೊಂದ್ರೆ!" ಅಂದುಬಿಟ್ಟರು.

ಮಗನ ಬೆರಳು ಸುಣ್ಣದಲ್ಲೇ ನಿಂತಿತು. ನನ್ನ ಬಾಯಲ್ಲಿದ್ದ ಅಡಿಕೆ ಗಂಟಲಿಗಿಳಿಯಿತು.

ಬೀಗರು ನಿಧಾನವಾಗಿ ಎದ್ದು ಚಪ್ಪಲಿ ಹುಡುಕಿದರು. ಮುಖದಲ್ಲಿ ಮೂರು ಒಬ್ಬಟ್ಟಿನ ತೃಪ್ತಿ. "ಬೇಡ ಅಂದ್ರಲ್ಲ ಅಳಿಯಂದ್ರೆ. ನಡೀರಿ, ಮುಂದಿನ ಎಲೆಗೆ ಹೋಗೋಣ."

"ಅಲ್ಲ, ನಾನು ಹಾಗಲ್ಲ..." ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. "ನಾನಂದಿದ್ದು ಏನಂದ್ರೆ..."

ಅಂಗಳದ ನಲ್ಲಿಯಲ್ಲಿ ಬುಟ್ಟಿ ತೊಳೆಯುತ್ತಿದ್ದ ಮಂಜುಳ ತಲೆ ಎತ್ತಿದಳು. "ಸಾರ್, ಬೇಕಾದ್ರೆ ಬೇಕು ಅನ್ಬೇಕು. ಜೋರಾಗಿ."

ಬ್ಯಾಂಕಿನಲ್ಲಿ ಇಡೀ ಉದ್ಯೋಗ ಕಳೆದು, ಬೇಕು ಅಂದವರಿಗೆಲ್ಲ "ನೋಡೋಣ" ಅನ್ನುತ್ತಾ ಬಂದ ಆ ಮನುಷ್ಯ ಎದ್ದು ನಿಂತು, ಪೆನ್ನು ಜೇಬಿಗೆ ಸಿಕ್ಕಿಸಿ, "ಬೇಕು ಸಾರ್," ಅಂದರು. "ನಮಗೆ ಈ ಮನೆ ಬೇಕೇ ಬೇಕು."

"ಎಷ್ಟು?" ಅಂದರು ಬೀಗರು.

"ಇಡೀ ಮನೆ."

ಅಜ್ಜಿ ನಕ್ಕ ರಭಸಕ್ಕೆ ಕನ್ನಡಕ ಮೂಗಿನಿಂದ ಜಾರಿ ದಾರದಲ್ಲಿ ನೇತಾಡಿತು. ಮಗ, "ಹಿಂದಿನ ರೂಮಲ್ಲಿ ನಮ್ಮ ಸಾಮಾನಿದೆ, ಅದಕ್ಕೆ ಬೀಗ. ಗೋಡೆಗೆ ಮೊಳೆ ಹೊಡೀಬಾರ್ದು. ಉಳಿದಿದ್ದೆಲ್ಲ ನಿಮ್ದು," ಅಂದರು.

ಎಲ್ಲರೂ ಕೈ ಕುಲುಕುತ್ತಿರುವಾಗ ಟೀಚರ್ ಮೆಲ್ಲಗೆ, "ಇನ್ನೂ ಇವರನ್ನ ಕೇಳೇ ಇಲ್ಲ," ಅಂದರು. ನಿಜ. ಅಷ್ಟು ಸಭೆಗಳಲ್ಲಿ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಸರಿ, ಎಲ್ಲರನ್ನೂ ಒಳಗೆ ಸುತ್ತಾಡಿಸಿ ಒಬ್ಬೊಬ್ಬರನ್ನೇ ಕೇಳಿದೆವು. ಮಂಜುಳ ಅಡುಗೆಮನೆ ನೋಡಿದಳು, ಬಚ್ಚಲ ಚಿಲಕ ಹಾಕಿ ತೆಗೆದು ನೋಡಿದಳು, ಆಮೇಲೆ ಬೀದಿಗೆ ಹೋಗಿ ನಿಂತು ಚೇಳೂರು ಬಸ್ಸು ನಿಲ್ಲುವ ಜಾಗ ಕಾಣುತ್ತದಾ ಅಂತ ಕತ್ತು ಚಾಚಿ ನೋಡಿ ಬಂದು, "ಬೇಕು," ಅಂದಳು. ಉಪ್ಪಿನ ಅಣ್ಣ ಮಾತ್ರ "ಬೇಡ" ಅಂದ. ಹಳೇ ಕಟ್ಟಡದ ಬಾಗಿಲಲ್ಲಿ ಮಲಗುವ ನಾಯಿ ಇಲ್ಲಿಲ್ಲವಂತೆ. ಅಧ್ಯಕ್ಷರು ಈ ಸಲ ಅದನ್ನು ಮರ್ಯಾದೆ ಅಂದುಕೊಳ್ಳಲಿಲ್ಲ. ಒಬ್ಬರ ವಿರೋಧದೊಂದಿಗೆ ಅಂಗೀಕಾರ, ನಾಯಿಯನ್ನು ಕರೆತರುವ ಹೊಣೆ ಕಾರ್ಯದರ್ಶಿಗಳದು ಅಂತ ಅಲ್ಲೇ ನಿರ್ಣಯವಾಯಿತು. "ನಾಯಿ ಬೇಡ ಅಂದ್ರೆ?" ಅಂದರು ಕಾರ್ಯದರ್ಶಿಗಳು.

ಮಂಜುಳನನ್ನು ಬಸ್ಸು ಹತ್ತಿಸಲು ಹೋದೆ. ಹತ್ತಿಸುವ ಅಗತ್ಯವೇನಿರಲಿಲ್ಲ. ಟಿಕೆಟ್ಟು ಬಳೆಗೆ ಸಿಕ್ಕಿಸಿ, ಕಿಟಕಿಯ ಪಕ್ಕ ಕೂತು, ನಾನು "ಜೋಪಾನ" ಅನ್ನುವ ಮೊದಲೇ ನನಗೆ "ಹುಷಾರಾಗಿ ಹೋಗಿ ಮೇಡಂ" ಅಂದಳು.

ಮನೆ ಮುಟ್ಟಿದಾಗ ಸಂಜೆ ದೀಪ ಹಚ್ಚುವ ಹೊತ್ತು. ಕಾಲು ತೊಳೆದು ಹಾಲಿಟ್ಟೆ. ಆವತ್ತು ಗಿಡದ ಹತ್ತಿರ ಹೋಗದೆ ಒಲೆಯ ಮುಂದೆಯೇ ನಿಂತಿದ್ದರಿಂದ ಉಕ್ಕಲಿಲ್ಲ. ಕರಿಬೇವು ವಾಪಸ್ಸು ಕೊಡುವ ನೆಪದಲ್ಲಿ ಪಕ್ಕದ ಮನೆಯವರು ಬಂದರು.

"ಕಾಫಿ ಕೊಡ್ಲಾ?" ಅಂದೆ.

"ಅಯ್ಯೋ ಬೇಡ ಬೇಡ, ಈಗ ತಾನೇ ಆಯ್ತು."

ನಾನು ಒಂದೇ ಲೋಟ ಬೆರೆಸಿಕೊಂಡು, ಎದುರಿಗೆ ಕೂತು, ಆರಾಮಾಗಿ ಕುಡಿಯತೊಡಗಿದೆ. ಅವರು ಫ್ಯಾನ್ ನೋಡಿದರು. ಕ್ಯಾಲೆಂಡರ್ ನೋಡಿದರು. ನನ್ನ ಲೋಟ ಅರ್ಧವಾಗುವುದನ್ನು ನೋಡಿದರು. ಕೊನೆಗೆ ಸೆರಗು ಕೊಡವಿಕೊಂಡು ಏಳುತ್ತಾ ಅಂದರು:

"ಯಾಕ್ರೀ, ಹಾಲು ಒಡೆದ್‌ಹೋಯ್ತಾ?"